ಮಾಸ್ತರರಿಗೆಂದು ಕೊಂಡ ಭೋಂಗಾ

ಮುಂಬಯಿಯ ಸಯನ್ನಿನ ಒಂದು ಚಾಳಿನ ಕೋಣೆಯಲ್ಲಿ ನಮ್ಮ ಕನ್ನಡ ಸಂಘ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿತ್ತು. ಸಂಘ ಅಂದೆ, ಕಲಿಸುತ್ತಿದ್ದವರು ಧಾರವಾಡದ ಕಡೆಯ ಮಾಸ್ತರರೊಬ್ಬರೇ. ಉಳಿದ ನಾವು ಕಾರ್ಯಕಾರಿ ಮಂಡಳಿ, ಅಂದರೆ ಹಾರ ಹಾಕಿಸಿಕೊಳ್ಳುವ ಗುಂಪು. ನಾನು ಕಾರ್ಯದರ್ಶಿ: ಮೆಟ್ರಿಕ್ ಪಾಸಾದ, ದೊಡ್ಡ ಗಂಟಲಿನ ಗುಮಾಸ್ತ.

ಎಪ್ಪತ್ತರ ದಶಕದ ನಡುವಿನಲ್ಲಿ ಮಾಸ್ತರರ ಗಂಟಲಿಗೆ ಆಪರೇಷನ್ ಆಗಿ, ಉಳಿದದ್ದು ಪಿಸುಮಾತು ಮಾತ್ರ. ಹಿಂದಿನ ಸಾಲಿನ ಮಕ್ಕಳಿಗೆ ಕೇಳುವಂತಾದರೆ ಪಾಠ ಮುಂದುವರಿಸುತ್ತೇನೆ, ಇಲ್ಲವಾದರೆ ಬಿಡುತ್ತೇನೆ ಎಂದು ಚೀಟಿ ಬರೆದುಕೊಟ್ಟರು. ಮೈಕು ಕೊಳ್ಳಲು ಅವರನ್ನೂ ಕರೆದುಕೊಂಡು ಖಜಾಂಚಿ ಮತ್ತು ನಾನು ಲ್ಯಾಮಿಂಗ್ಟನ್ ರೋಡಿಗೆ ಹೋದೆವು.

ಅಂಗಡಿಯವ ಎರಡು ಸೆಟ್ ಇಟ್ಟ. ಒಂದು ಹೆಗಲಿಗೆ ನೇತುಹಾಕುವ ಪೆಟ್ಟಿಗೆ. ಟಾರ್ಚಿನ ಸೆಲ್ಲು ಸಾಕು, ಬಾಯಿಯ ಹತ್ತಿರ ಬೆರಳುದ್ದದ ಮೈಕು. ಇನ್ನೊಂದು ಕಾರ್ ಬ್ಯಾಟರಿಯಿಂದ ನಡೆಯುವ ದೊಡ್ಡ ಭೋಂಗಾ, ಸಭೆಗಳಲ್ಲಿ ಕಟ್ಟುವ ತುತ್ತೂರಿ ಬಾಯಿಯ ಸ್ಪೀಕರು.

"ಸಣ್ಣದು ಹಾಕ್ಕೊಂಡ್ರ ಮಾಸ್ತರು ಬಸ್ ಕಂಡಕ್ಟರ್ ಕಂಡಂಗ ಕಾಣ್ತಾರ್ರಿ. ಟಿಕೇಟ್, ಟಿಕೇಟ್!" ಎಂದು ನಕ್ಕು ಖಜಾಂಚಿ ಚಹಾಕ್ಕೆ ಹೋದ.

ನಾನು ಭೋಂಗಾದ ಮೈಕು ಹಿಡಿದು "ಹಲೋ, ಹಲೋ" ಎಂದೆ. ರಸ್ತೆಯ ಜನ ತಿರುಗಿ ನೋಡಿದರು. ನನಗೆ ಅಷ್ಟು ಸಾಕಾಯಿತು.

"ಬೋಲ್ನೇವಾಲಾ ಕೌನ್ ಹೈ, ಸೇಠ್? ಉನ್ಕೋ ಬೋಲ್ನೇ ದೋ," ಮಾತಾಡುವವರೇ ಮಾತಾಡಿ ನೋಡಲಿ ಎಂದು ಅಂಗಡಿಯವ ಸಣ್ಣ ಮೈಕನ್ನು ಮಾಸ್ತರರ ಕೊರಳಿಗೆ ಹಾಕಿದ.

ಮಾಸ್ತರರು ನನ್ನ ಮುಖ ನೋಡಿ, "ಮಕ್ಕಳ, ಹಲಗಿ ಕಡೆ ನೋಡ್ರಿ" ಎಂದರು. ಬಾಗಿಲ ತನಕ ಒಂದೊಂದು ಅಕ್ಷರವೂ ಸ್ಪಷ್ಟ. ನಾನು ಕೇಳಿಸಿಕೊಂಡೆ. ಆಮೇಲೆ ಮಂಡಳಿಯ ಮುಂದೆ, ಸಣ್ಣದು ಕೆಲಸಕ್ಕೆ ಬರಲಿಲ್ಲ ಎಂದೆ. ಆ ಸುಳ್ಳನ್ನು ಇಂದಿನವರೆಗೆ ಯಾರಲ್ಲಿಯೂ ಒಪ್ಪಿಕೊಂಡಿಲ್ಲ.

"ಇದು ಗಣಪತಿಗೂ ಆಗತದ, ರಾಜ್ಯೋತ್ಸವಕ್ಕೂ ಆಗತದ. ಹಿರ್‍ಯಾರು ನೀವು, ಅಡ್ಜಸ್ಟ್ ಮಾಡ್ಕೋರಿ," ಎಂದು ಅಂಗಡಿಯಲ್ಲೇ ಮಾಸ್ತರರಿಗೆ ಹೇಳಿ ಭೋಂಗಾ ಕಟ್ಟಿಸಿದೆ. ಅವರು ಕೊರಳಿನ ಮೈಕನ್ನು ತಾವೇ ಬಿಚ್ಚಿ ಕೊಟ್ಟರು.

ಮುಂದಿನ ಭಾನುವಾರ ಉದ್ಘಾಟನೆ. ಭೋಂಗಾಕ್ಕೊಂದು ಹಾರ, ನನಗೊಂದು ಹಾರ. ಅರ್ಧ ಗಂಟೆ ನಾನೇ ಕಿರುಚಿದೆ. ಬಳಿಕ ಮಾಸ್ತರರು ಬಾಯಿ ತೆರೆದರೆ, ಪಿಸುಮಾತು ಆ ಮೈಕಿಗೆ ಸಿಗದೆ, ಏನೂ ಕೇಳಲಿಲ್ಲ. ಗುಂಡಿ ಜಾಸ್ತಿ ತಿರುಗಿಸಿದಾಗ ಆ ಇಕ್ಕಟ್ಟು ಕೋಣೆಯಲ್ಲಿ ಭೋಂಗಾ ಕೀಂಯ್ ಎಂದು ಅರಚಿತು. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು.

"ಸ್ವಲ್ಪ ಜೋರಾಗಿ ಮಾತಾಡ್ರಿ, ಮಾಸ್ತರ!" ಎಂದವನೂ ನಾನೇ.

ಅವರು ಸ್ವಿಚ್ ಆರಿಸಿ, ಹಲಗೆ ಒರೆಸಿ, ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡು ಹೋದರು. ಮತ್ತೆ ಬರಲಿಲ್ಲ. ಕಲಿಸಲು ಬೇರೆ ಯಾರೂ ಇರಲಿಲ್ಲ, ತರಗತಿ ನಿಂತಿತು.

ಭೋಂಗಾ ಮಾತ್ರ ಗಟ್ಟಿಯಾಗಿತ್ತು. ಪ್ರತಿ ಗಣಪತಿಗೂ ಅದರಲ್ಲಿ ನಾನು, ಕನ್ನಡ ಉಳಿಸಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತ ನಮ್ಮವರ ಮಕ್ಕಳೇ ಅಮ್ಮಂದಿರ ಸೆರಗು ಜಗ್ಗಿ ಹಿಂದಿಯಲ್ಲಿ ಕೇಳುತ್ತಿದ್ದರು:

"ಯೇ ಅಂಕಲ್ ಕ್ಯಾ ಬೋಲ್ ರಹಾ ಹೈ?"