ಯಲ್ಲಾರಿ ಸಾರಿದ ದ್ವಾಸಿ

ನಮ್ಮ ಮಮದಾಪುರದಾಗ ಡಂಗುರ ಸಾರೋ ಯಲ್ಲಾರಿ ಮಂದಿಗೆ ಮೋಸಾ ಮಾಡಿ ಲಸಿಕೆ ಹಾಕಿಸಿದ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಖರೇ ಏನಾತು ಅನ್ನೂದು ನನಗ ಗೊತ್ತೈತಿ. ಆವತ್ತ ಅವನ ಮ್ಯಾಲ ದ್ವಾಸಿ ಹಾಕೋ ಸವಟು ಎತ್ತಿಕೊಂಡ ಹೋದಾಕಿ ನಾನ. ನಾನಂದ್ರ ಶಂಕ್ರವ್ವ, ಬಸ್ ಸ್ಟ್ಯಾಂಡ್ ಬಾಜೂಕ ಚಾ ಮತ್ತ ದ್ವಾಸಿ ಅಂಗಡಿ ನಂದು.

ಯಲ್ಲಾರಿ ನೋಡಾಕ ಒಣಕಲ ಮನಿಷ್ಯಾ, ಗಾಳಿ ಬಂದ್ರ ಹಿಡಕೊಳ್ಳಬೇಕು. ಆದ್ರ ಆ ದನಿ! ಹಲಗಿಗೆ ಎರಡ ಪೆಟ್ಟ ಕೊಟ್ಟು ‘ಕೇಳ್ರಪ್ಪೋ ಕೇಳ್ರಿ’ ಅಂದ್ನಂದ್ರ ಕಬ್ಬಿಗೆ ನೀರ ಹಾಯ್ಸೋರೂ ತಲಿ ಎತ್ತಬೇಕು. ರೇಷನ್ ಬಂದದ್ದು, ಪಂಚಾಯತಿ ಸಭಾ, ದನಾ ಕಳದದ್ದು, ಊರಿಗೆ ಎಲ್ಲಾ ತಿಳಿಯೂದು ಅವನ ಬಾಯಿಂದನ. ಇದ್ದದ್ದಷ್ಟ ಹೇಳಿ ಸುಮ್ಮನಾಗೋ ಜಾತಕ ಅಲ್ಲ ಅವಂದು. ಒಮ್ಮೆ ನನ್ನ ಎಮ್ಮಿ ಕಳದಾಗ ‘ಕೋಡ ಡೊಂಕ, ಬಣ್ಣ ಕರಿ, ಸಿಟ್ಟ ಮಾತ್ರ ಮಾಲಕಿ ಶಂಕ್ರವ್ವಂದ!’ ಅಂತ ಓಣಿ ಓಣಿ ಸಾರಿದ. ಎಮ್ಮಿ ಸಿಕ್ಕಿತು, ಆದ್ರ ಆವತ್ತ ಅವನ ಚಾಕ್ಕ ನಾ ಸಕ್ಕರಿ ಹಾಕಲಿಲ್ಲ.

ಕೊರೊನಾ ಎರಡನೇ ಸಲ ಬಂತಲ್ಲ, ಆವಾಗ ಅವನ ಹೇಣ್ತಿ ಉದ್ದವ್ವಗ ಉಸರ ಹಿಡೀತು. ಟಂಟಂ ರಿಕ್ಷಾದಾಗ ಮಲಗಿಸಿಕೊಂಡು ಗೋಕಾಕ ತಿರಗಿದ್ರು, ಮೂಡಲಗಿ ತಿರಗಿದ್ರು, ಎಲ್ಲಿ ಹೋದ್ರೂ ಹಾಸಿಗಿ ಖಾಲಿ ಇಲ್ಲ. ಕಡೀಕ ಹುಕ್ಕೇರಿ ಕಡೆ ಒಂದ ದವಾಖಾನಿ ವರಾಂಡದಾಗ ಜಾಗಾ ಸಿಕ್ಕಿತು. ಅಲ್ಲಿ ಡಾಕ್ಟರೂ ಪಾಪ, ಗ್ವಾಡಿಗೆ ಆನಕೊಂಡ ನಿಂತಲ್ಲೇ ನಿದ್ದಿ ಮಾಡಾಕತ್ತಿದ್ರಂತ. ಉದ್ದವ್ವ ಗಟ್ಟಿ ಜೀವ, ಉಳದ ಬಂದ್ಲು.

ಬಂದ್ಲು ಖರೆ, ಊರ ಮಂದಿ ಆಕೀನ್ನ ಹತ್ರ ಸೇರಿಸಲಿಲ್ಲ. ನಳದ ಕಟ್ಟಿಗೆ ಹೋದ್ರ ಹೆಣ್ಮಕ್ಕಳು ಅರ್ಧ ತುಂಬಿದ ಕೊಡಾ ಎತ್ತಿಕೊಂಡ ಏಳೂದು. ಎದರ ಮನಿ ಅಲ್ಲಪ್ಪಂತೂ ಆಕಿ ಕೊಟ್ಟ ಹೋಳಗಿ ಆಕಿ ಕಣ್ಮುಂದನ ಎತ್ತಿಗೆ ಹಾಕಿದ. ಮುಗೀತು, ಉದ್ದವ್ವ ಹೊಸ್ತಲಾ ದಾಟೂದ ಬಿಟ್ಲು. ನಾ ಹೋಗಿ ಬೈದೆ, ರಮಿಸಿದೆ, ಮತ್ತ ಬೈದೆ. ‘ಶಂಕ್ರಕ್ಕಾ, ಮಂದಿ ಕಣ್ಣಿಗೆ ನಾನ ರೋಗ ಆಗೇನಿ’ ಅಂದ್ಲು.

ಯಲ್ಲಾರಿ ತಲ್ಯಾಗ ಒಂದ ಮಾತ ಹೊಕ್ಕಿತ್ತು. ಊರ ಮಂದಿ ಎಲ್ಲಾ ಸೂಜಿ ಮಾಡಿಸಿಕೊಂಡ್ರ ಅಂಜಿಕಿ ಹೋಗತೈತಿ, ಅಂಜಿಕಿ ಹೋದ್ರ ಉದ್ದವ್ವ ಮತ್ತ ನಾಕ ಮಂದ್ಯಾಗ ಕುಂದರ್ತಾಳ. ಆದ್ರ ಹಿಂದಿನ ಸಲ ‘ಸೂಜಿ ಐತಿ ಬರ್ರಿ’ ಅಂತ ಅವಾ ಸಾರಿದ್ದ ತಡಾ, ಊರಿಗೆ ಊರ ಕೀಲಿ ಹಾಕ್ಕೊಂಡ ಹೊಲಾ ಸೇರಿತ್ತು. ನಾನೂ ಕಬ್ಬಿನ್ಯಾಗ ಹೊಕ್ಕಿದ್ದೆ, ಯಾಕ ಸುಳ್ಳ ಹೇಳ್ಲಿ. ಸೂಜಿ ಕಂಡ್ರ ನನ್ನ ಜೀವಾ ಹಾರತೈತಿ.

ಅದಕ್ಕ ಅರಭಾವಿಯಿಂದ ಬರೋ ನರ್ಸಬಾಯಿ ನಂದಿನಿ ಈ ಸಲ ಅವನ್ನ ಕರದು, ‘ಕಾಕಾ, ನಾಳೆ ಮಂದಿ ಬರಲಿಲ್ಲಂದ್ರ ಲಸಿಕಿ ಪೆಟಿಗಿ ಕಲ್ಲೋಳಿಗೆ ಹೋಗತೈತಿ, ಮತ್ತ ಯಾವಾಗ ಬರತೈತೋ ಗೊತ್ತಿಲ್ಲ. ಸೂಜಿ ಅನಬ್ಯಾಡ್ರಿ, ಮಂದಿ ಓಡ್ತಾರ. ಕನ್ನಡ ಸಾಲ್ಯಾಗ ದೊಡ್ಡವರಿಗೆ ಡೋಸ್ ಕೊಡ್ತಾರ ಅಂತ ಸಾರ್ರಿ’ ಅಂದ್ಲು.

ಯಲ್ಲಾರಿ ವಿಚಾರ ಮಾಡಿದ. ಕಲ್ತ ಮಂದಿ ಮನೆ ಅಂತಾರ, ನಾವು ಮನಿ ಅಂತೀವಿ; ಅವರು ದೋಸೆ ಅಂತಾರ, ನಾವು ದ್ವಾಸಿ ಅಂತೀವಿ. ಹಂಗಂದ ಮ್ಯಾಲ ಈ ಹುಡುಗಿ ಡೋಸ್ ಅನ್ನೂದು ನಮ್ಮ ದ್ವಾಸೀನ! ಸೂಜಿ ಜೋಡಿ ಸರಕಾರದವರು ನಾಷ್ಟಾನೂ ಇಟ್ಟಾರ ಅಂತ ಖುಷಿಯಾಗಿ ಹಲಗಿ ಹೆಗಲಿಗೆ ಹಾಕ್ಕೊಂಡ.

‘ಕೇಳ್ರಪ್ಪೋ ಕೇಳ್ರಿ! ನಾಳೆ ಮುಂಜಾನೆ ಸಾಲ್ಯಾಗ ದ್ವಾಸಿ ಕೊಡ್ತಾರ! ಸಣ್ಣವರಿಗಿಲ್ಲ, ದೊಡ್ಡವರಿಗಷ್ಟ! ಪುಕ್ಕಟ!’

ಪುಕ್ಕಟ ಅಂದದ್ದ ಕೇಳಿ ನನ್ನ ಮೈಯೆಲ್ಲಾ ಉರೀತು. ಲಾಕ್‌ಡೌನ್‌ನ್ಯಾಗ ಅಂಗಡಿ ಮುಚ್ಚಿ ಕುಂತಾಕಿ, ಈಗ ಇನ್ನ ಒಲಿ ಹಚ್ಚಾಕತ್ತೇನಿ, ಅಷ್ಟರಾಗ ಸರಕಾರ ಬಂದು ದ್ವಾಸಿ ಹಂಚೂದಾ? ಮರದಿನ ಸವಟು ಹಿಡಕೊಂಡನ ಸಾಲಿಗೆ ಹೋದೆ.

ಅಯ್ಯ ಶಿವನ! ಇಡೀ ಊರ ಅಲ್ಲೇ ಐತಿ. ತಾಟು, ಗಂಗಾಳ, ಡಬ್ಬಿ ಹಿಡಕೊಂಡು, ಸುಣ್ಣದಾಗ ಬರದ ಗೆರಿ ಮ್ಯಾಲ ಪಾಳಿ ಹಚ್ಚಿ ನಿಂತಾರ. ಮಾಸ್ಕ್ ಹಾಕ್ಕೊಂಡ ಮುದುಕಿ ಕೆಂಪವ್ವಾಯಿ ಅಂತೂ ಚಟ್ನಿ ಮನಿಯಿಂದನ ತಂದಿದ್ಲು. ನಂದಿನಿ ಮಂದೀನ್ನ ನೋಡಿ ಹಿಗ್ಗಿದ್ಲು, ತಾಟ ನೋಡಿ ಗಾಬರಿ ಆದ್ಲು. ‘ಇವೆಲ್ಲಾ ಯಾಕ್ರಿ?’

‘ದ್ವಾಸಿಗಿ!’ ಅಂದ್ರು ಎಲ್ಲಾರೂ.

ಆಕಿ ಪೆಟಿಗಿ ತಗದು ಸೂಜಿ ತೋರಿಸಿದ್ಲು. ನಕ್ಕವರು ನಕ್ಕರು, ಉಳದವರು ತಿರಗಿ ನಡಿಯಾಕ ಹತ್ತಿದ್ರು. ಅಲ್ಲಪ್ಪ ತಾಟ ಬಡಕೊಂತ ಒದರಿದ: ‘ಏ ಯಲ್ಲಾರಿ, ನಿನ್ನ ಹೇಣ್ತಿ ಊರಿಗೆ ರೋಗ ತಂದ್ಲು, ನೀ ಸುಳ್ಳ ತಂದಿ!’

‘ನಾ ತಿಳೀದ ಹೇಳೇನ್ರಿ, ಸುಳ್ಳ ಹೇಳಿಲ್ಲ’ ಅಂದ ಯಲ್ಲಾರಿ. ಊರಿಗೆಲ್ಲಾ ಕೇಳೋ ಆ ದನಿ, ಎದರ ನಿಂತ ನನಗಷ್ಟ ಕೇಳಿಸಿತು.

ಅವನ ಮ್ಯಾಲ ಬಂದ ಸಿಟ್ಟೆಲ್ಲಾ ನನಗ ಒಮ್ಮಿಗೆ ಅಲ್ಲಪ್ಪನ ಕಡೆ ತಿರಗಿತು. ‘ಬಾಯಿ ಮುಚ್ಚೋ ಅಲ್ಲಪ್ಪಾ! ಡಂಗುರ ಆಗೇತಿ ಅಂದ ಮ್ಯಾಲ ದ್ವಾಸಿ ಆಗಬೇಕು. ನಾ ಹಾಕ್ತೀನಿ, ನನ್ನ ಹಿಟ್ಟು, ನನ್ನ ಹಂಚು. ಆದ್ರ ಸೂಜಿ ಮೊದಲ, ದ್ವಾಸಿ ಆಮ್ಯಾಲ. ಯಾರ ಹೋಗ್ತೀರಿ ನೋಡೂನು!’

‘ನೀನ ಮೊದಲ ಹೋಗವಾ’ ಅಂದ್ಲು ಕೆಂಪವ್ವಾಯಿ.

ಸಿಕ್ಕೆ ನೋಡ್ರಿ. ಮಾತ ಆಡಿ ಬಿಟ್ಟೇನಿ, ಊರ ನೋಡಾಕತ್ತೈತಿ. ಕಣ್ಣ ಮುಚ್ಚಿ ಕುಂತೆ. ‘ಇನ್ನೂ ಹಾಕಿಲ್ಲ ಸುಮ್ಮನಿರ್ರಿ ಕಾಕೂ’ ಅಂತ ನಂದಿನಿ ಹೇಳೂತನಾ ಒದರಿದೆ, ಹಾಕೂ ಮುಂದ ಏನೂ ಗೊತ್ತಾಗಲಿಲ್ಲ. ಗುದ್ದಾಡಿ ಗೆದ್ದವರಂಗ ಎದ್ದ ಹೊಂಟೆ.

‘ಎಲ್ಲಿಗ್ರಿ? ಅರ್ಧಾ ತಾಸು ಇಲ್ಲೇ ಕುಂದರಬೇಕು.’

‘ಹಂಚ ಕಾಯಾಕತ್ತೇತಿ!’

‘ಕಾಯಲಿ. ಏಳಾಂಗಿಲ್ಲ ಅಂದ್ರ ಏಳಾಂಗಿಲ್ಲ.’

ಅಂಗಡಿಯಿಂದ ಹಿಟ್ಟಿನ ಬೋಗುಣಿ, ಹಂಚು, ಬೆಣ್ಣಿ ಬಂದಾವು, ಸಾಲಿ ಬಿಸಿಯೂಟದ ಒಲಿ ಹತ್ತೇತಿ, ನನ್ನ ಹಿಂದ ಸೂಜಿ ಮಾಡಿಸಿಕೊಂಡವರು ತಾಟ ಹಿಡದಾರ. ಸವಟ ಹಿಡಿಯವರು ಯಾರೂ ಇಲ್ಲ. ಗದ್ದಲಾ ಕೇಳಿ, ಗಂಡಗ ಏನಾತೋ ಅಂತ ಉದ್ದವ್ವ ಸೆರಗ ಹೊಚಗೊಂಡ ಸಾಲಿ ಬಾಗಲಿಗೆ ಬಂದ ನಿಂತಿದ್ಲು. ನಾ ಕುಂತಲ್ಲಿಂದನ ಒದರಿದೆ: ‘ಏನ ನೋಡ್ತಿ ಉದ್ದವ್ವಾ? ಹಂಚ ಹೊತ್ತತೈತಿ, ಬಾ ಇಲ್ಲೆ!’

ಆಕಿ ಯಲ್ಲಾರಿ ಮುಖಾ ನೋಡಿದ್ಲು, ಮಂದಿ ಮುಖಾ ನೋಡಿದ್ಲು. ಬಂದ್ಲು. ಸವಟ ಹಿಡದು ಹಿಟ್ಟ ಹೊಯ್ದ್ಲು, ಮೊದಲನೇ ದ್ವಾಸಿ ಡೊಂಕ ನಕಾಶೆ ಆತು. ಅದನ್ನ ಇಸಕೊಳ್ಳಾಕ ಯಾರೂ ತಾಟ ಚಾಚಲಿಲ್ಲ. ಅಷ್ಟರಾಗ ಬೆಣ್ಣಿ ವಾಸನಿಗೆ ಸೋತ ಅಲ್ಲಪ್ಪ, ಮುಖಾ ಒಂದ ಕಡೆ ಮಾಡಿ ತಾಟ ಮುಂದ ಮಾಡಿದ.

ಉದ್ದವ್ವ ಸವಟ ಅಡ್ಡ ಹಿಡಿದ್ಲು. ‘ಸೂಜಿ ಆಗೇತೇನ ನಿಂದು?’

‘ಇನ್ನೂ ಇಲ್ಲ.’

‘ಹಂಗಿದ್ರ ಅಲ್ಲಿ ಪಾಳಿ ಐತಿ, ನಡಿ.’

ಊರೆಲ್ಲಾ ಬಿದ್ದ ಬಿದ್ದ ನಕ್ಕಿತು. ಅಲ್ಲಪ್ಪ ಅಂಗಿ ತೋಳ ಮಡಚಿಕೊಂತ ಹೋದ, ಮಾಡಿಸಿಕೊಂಡ, ಕುಂತ, ಎದ್ದ ಬಂದ. ಉದ್ದವ್ವ ತಾಟಿಗೆ ಹಾಕಿದ್ದ ದ್ವಾಸಿ ಅಲ್ಲೇ ಆಕಿ ಎದರ ನಿಂತ ತಿಂದ. ಆಮ್ಯಾಲ ಖಾಲಿ ತಾಟ ಮತ್ತ ಮುಂದ ಚಾಚಿ, ‘ಇನ್ನೊಂದ ಹಾಕ, ತಂಗಿ’ ಅಂದ.