ದೊಡ್ಡಪ್ಪನ ಒಂದು ತೋಳಿನ ಅಂಗಿ

ನಮ್ಮ ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮೆಷಿನ್ನಿಗಿಂತ ಜೋರಾಗಿ ಅವಳ ಬಾಯಿ ಓಡುತ್ತಿತ್ತು. ಅಳತೆ ಕೊಡಲು ಬಂದವರು ಮನೆಯ ಗುಟ್ಟನ್ನೂ ಕೊಟ್ಟು ಹೋಗುತ್ತಿದ್ದರು. ಇಂಥವಳನ್ನು ಮೂಗಿ ಮಾಡಿದ್ದು ಒಂದು ನಿದ್ದೆ ಮಾತ್ರೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ದೊಡ್ಡಪ್ಪ ತೀರಿಕೊಂಡಾಗ ಅವರ ಅಂಗಿಯೊಂದು ಮೆಷಿನ್ನಿನ ಮೇಲೆ ಅರ್ಧಕ್ಕೇ ನಿಂತಿತ್ತು. ಒಂದು ತೋಳು ಕೂರಿಸಿ ಆಗಿತ್ತು, ಇನ್ನೊಂದು ಬಾಕಿ. ದೊಡ್ಡಮ್ಮ ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಅತ್ತೂ ಅತ್ತೂ ನಿದ್ದೆಗೆಟ್ಟವಳಿಗೆ ಒಬ್ಬ ಡಾಕ್ಟರು ಸ್ವಲ್ಪ ದಿನದ ಮಟ್ಟಿಗೆಂದು ಮಾತ್ರೆ ಬರೆದರು. ಆ ಸ್ವಲ್ಪ ದಿನ ವರ್ಷಗಳಾದವು, ಸಾಕು ಎನ್ನುವವರು ಯಾರೂ ಇರಲಿಲ್ಲ. ಅದರ ಮಂಪರಿನಲ್ಲಿ ತಲೆ ಸುತ್ತಿ ಬಚ್ಚಲಲ್ಲಿ ಬಿದ್ದಳು. ತಲೆಸುತ್ತಿಗೆ ಇನ್ನೊಂದು ಮಾತ್ರೆ ಬಂತು. ಅದರಿಂದ ಕೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸಲಾಗದೆ ಅಂಗಡಿ ಮುಚ್ಚಿತು, ಮಂಪರಿನಲ್ಲಿ ಮಾತೂ ನಿಂತಿತು. ಇಲಿಯಿಂದ ಕೌಪೀನ ಕಾಯಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು ಸಾಕಿದ ಸನ್ಯಾಸಿಯ ಕಥೆಯಾಯಿತು ನಮ್ಮದು.

ಅವಳ ಕೊರಗು ಬೇರೆಯೇ ಇತ್ತು.

"ನಿನ್ನ ದೊಡ್ಡಪ್ಪ ಎಲ್ಲರ ಕನಸಿಗೂ ಬಂದ್ರಂತೆ. ನನ್ನ ಕನಸಿಗೆ ಒಂದು ಸಲಾನೂ ಬರ್ಲಿಲ್ಲ ಕಣೆ. ನನ್ನ ಮೇಲೆ ಏನು ಕೋಪಾನೋ."

ಕೊನೆಗೆ ನಾನು ಅವಳನ್ನು ಕರೆದೊಯ್ದ ಹೊಸ ಡಾಕ್ಟರಮ್ಮ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಯಾವುದು ಯಾಕೆ ಎಂದು ಕೇಳಿದರು. ನಾನು ಹಳೆಯ ಚೀಟಿಗಳನ್ನೆಲ್ಲ ಮುಂದಿಟ್ಟೆ. ಮೊದಲಿನಿಂದಿದ್ದ ಬಿಪಿಯದು ಬೇಕೇ ಬೇಕು, ತಲೆಸುತ್ತಿನದು ಇವತ್ತಿಗೇ ಸಾಕು, ನಿದ್ದೆಯದನ್ನು ಮಾತ್ರ ನಿಧಾನವಾಗಿ ಇಳಿಸಬೇಕು ಎಂದರು. ಆ ಮಾತ್ರೆ ತೆಗೆದುಕೊಳ್ಳುವವರಿಗೆ ಕನಸು ಕಡಿಮೆ ಎಂದೂ ಹೇಳಿದರು. ದೊಡ್ಡಮ್ಮ ತಲೆಯೆತ್ತಿದ್ದು ಆಗಲೇ.

ಮನೆಗೆ ಬಂದವಳೇ, ನನಗೂ ಹೇಳದೆ, ನಿದ್ದೆ ಮಾತ್ರೆಯನ್ನು ಪೂರ್ತಿ ಬಿಟ್ಟುಬಿಟ್ಟಳು. ಕನಸಿನ ಮಾತಿರಲಿ, ಕಣ್ಣೇ ಮುಚ್ಚಲಿಲ್ಲ; ಮೈಯೆಲ್ಲ ಬೆವರು, ಎದೆ ಢವಢವ. ಹಳೆ ಹೊಲಿಗೆಯನ್ನು ಎಳೆದು ಬಿಚ್ಚಿದರೆ ಬಟ್ಟೆ ಹರಿಯುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ಮಾಡಿದ ಕೆಲಸ ಇದು. ಡಾಕ್ಟರಮ್ಮ ಚೆನ್ನಾಗಿ ಬೈದು, ಮತ್ತೆ ಶುರು ಮಾಡಿಸಿ, ತಿಂಗಳುಗಟ್ಟಲೆ ಚೂರುಚೂರಾಗಿ ಇಳಿಸಿದರು. ನಿದ್ದೆ ಕೆಟ್ಟರೆ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ಕಾದರು.

ಮೊದಲು ಕೈ ನಡುಕ ನಿಂತಿತು. ಆಮೇಲೆ ಬಾಯಿ ಮರಳಿತು. ನನ್ನ ಸೊಂಟದ ಅಳತೆ ಓಣಿಗೆಲ್ಲ ತಿಳಿಯಿತು. ಕನಸು ಮಾತ್ರ ಬರಲಿಲ್ಲ. ಕೊನೆಯ ಚೂರು ಬಿಟ್ಟ ಮೇಲೂ ಪ್ರತಿ ಬೆಳಿಗ್ಗೆ ನಾನು ಮುಖ ನೋಡುತ್ತಿದ್ದೆ, ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ನನಗೇ ಅಳು ಬರುತ್ತಿತ್ತು.

ಒಂದು ಬೆಳಿಗ್ಗೆ ಹೋದಾಗ ಮೆಷಿನ್ನಿನ ಮುಂದೆ ಕೂತಿದ್ದಳು. ಕಣ್ಣು ಕೆಂಪಗಿತ್ತು. ನಿದ್ದೆ ಬರಲಿಲ್ಲವೇ ಎಂದು ಗಾಬರಿಯಾಗಿ ಕೇಳಿದೆ.

"ಬಂದಿದ್ರು ಕಣೆ," ಎಂದಳು. "ಅದೇ ಅಂಗಿ ಹಾಕ್ಕೊಂಡಿದ್ರು. ಒಂದು ಕೈ ಬರೀದು. ಚಳಿ ಆಗ್ತಿದೆ ಅಂದ್ರು."

ಸೂಜಿಗೆ ದಾರ ಪೋಣಿಸಿ, ಎರಡನೇ ತೋಳು ಕೂರಿಸತೊಡಗಿದಳು.