ಕಟ್ಟೆ ಇಲ್ಲದ ಸಾವಿರ ವರ್ಷದ ಮರ

ಇರ್ಫಾನ್ ಜರ್ಮನಿಗೆ ಹೋಗಿ ಬಂದ. ನಾನು ಚಂದಕವಾಡಿಯ ಅಜ್ಜಿ ಮನೆಗೆ ಹೋಗಿ ಬಂದೆ. ಇಬ್ಬರಿಗೂ ಅದೇ ಹದಿನೈದು ದಿನ ರಜೆ. ಇದು ನ್ಯಾಯವಾ?

ನಿಮಗೆ ಗೊತ್ತಿರುವ ಹಾಗೆ (ಗೊತ್ತಿಲ್ಲದವರು ಈ ಅಂಕಣಕ್ಕೆ ಹೊಸಬರು, ಕ್ಷಮಿಸಿದ್ದೇನೆ), ಗುಂಡ್ಲುಪೇಟೆಯ ಊಟಿ ರೋಡಿನ ಬೇಕರಿ ಮುಂದೆ ಸಂಜೆ ಹೊತ್ತು ಕಥೆ ಹೇಳುವ ಪೋಸ್ಟು ನನ್ನದು. ಮದ್ದೂರು ಕಾಡಿನ ಆನೆ ನಮ್ಮ ಸ್ಕೂಟರಿಗೆ ಸೈಡ್ ಕೊಟ್ಟಿದ್ದು, ಚಿರತೆ ನನ್ನನ್ನು ನೋಡಿ ನಾಚಿಕೊಂಡಿದ್ದು, ಎಲ್ಲ ಅಲ್ಲೇ ಬಿಡುಗಡೆ. ಕೇಳುವವರು ಇನ್ನೂರು ಜನ. (ಸರಿ, ಆರು.)

ಮೊನ್ನೆ ನನ್ನ ಸ್ಟೂಲಿನ ಮೇಲೆ ಇರ್ಫಾನ್ ಕೂತಿದ್ದ. ನಮ್ಮ ಬೀದಿಯ ಫರ್ನಿಚರ್ ಅಂಗಡಿಯವರ ಮಗ, ನನ್ನ ಕ್ಲಾಸ್‌ಮೇಟು. ಅವನ ಮಾಮು ಇರುವಲ್ಲಿಗೆ ಹತ್ತಿರ ಒಂದು ಹಳೇ ವೈನ್ ಊರಂತೆ. ಗುಡ್ಡದ ತುಂಬ ದ್ರಾಕ್ಷಿ, ತುದಿಯಲ್ಲಿ ರಾಜರ ಕೋಟೆ, ಕೆಳಗೆ ಸಾವಿರ ವರ್ಷದ ಮರ. ಮೊಬೈಲ್ ಕೈಯಿಂದ ಕೈಗೆ ಹೋಯಿತು. ಒಂದೊಂದು ಫೋಟೋಗೂ ನನ್ನ ಹೊಟ್ಟೆಯಲ್ಲಿ ಒಂದೊಂದು ಒಲೆ ಹತ್ತಿಕೊಂಡಿತು. ನನ್ನ ಕಥೆಯ ಮಧ್ಯೆ ಎದ್ದು ಪಫ್ಸ್ ತರಲು ಹೋಗುವ ಜನ, ಅಲ್ಲಾಡದೆ ಕೂತಿದ್ದರು!

"ಕುಡುದ್ಯೇನ್ಲಾ?" ಕೇಳಿದ್ದು ಮಾದಪ್ಪಣ್ಣ. ಚೆಂಡುಹೂವು ಬೆಳೆಯುವವರು, ನಮ್ಮ ಸಭೆಗೆ ಹಿರಿಯರು.

"ಇಲ್ಲ ಕಣಣ್ಣ. ನಮ್ಮನೇಲಿ ಯಾರೂ ಮುಟ್ಟಲ್ವಲ್ಲ. ದ್ರಾಕ್ಷಿ ಜ್ಯೂಸ್ ಕುಡುದ್ವಿ."

"ಜ್ಯೂಸ್ ಕುಡಿಯಾಕೆ ಇಮಾನದಲ್ಲಿ ಓಗಿದ್ದಾ?" ಎನ್ನುತ್ತ ಅವರು ಮರದ ಫೋಟೋ ಝೂಮ್ ಮಾಡಿದರು. "ಅದ್ಸರಿ, ಕಟ್ಟೆ ಎಲ್ಲದ್ಲಾ?"

"ಕಟ್ಟೆ ಇಲ್ಲಣ್ಣ. ಬೇಲಿ ಆಕವ್ರೆ."

"ದಾರ ಸುತ್ತಿಲ್ಲ, ಅರಿಸಿನ ಕುಂಕುಮ ಇಲ್ಲ, ಬುಡದಲ್ಲಿ ಒಂದು ನಾಗರಕಲ್ಲಿಲ್ಲ. ನಮ್ಮೂರಲ್ಲಿ ನಲ್ವತ್ತು ವರ್ಸದ ಅರಳಿಗೇ ಕಟ್ಟೆ ಕಟ್ಬುಟ್ಟವ್ರೆ. ಸಾವ್ರ ವರ್ಸ ಅಲ್ಲಿ ಜನ ಕೂರಾಕೂ ಜಾಗ ಮಾಡ್ದೆ ಸುಮ್ನಿದ್ರಾ? ರೀಲ್ ಬುಡ್ಬ್ಯಾಡ ಕಣ್ಲಾ."

ಎಲ್ಲರೂ ನಕ್ಕರು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

"ಅಲ್ಲಿ ವಯಸ್ಸು ಬರ್ದಿರೋ ಬೋರ್ಡು ನಾನೇ ಓದಿವ್ನಿ ಅಣ್ಣ," ಎಂದ ಇರ್ಫಾನ್. ಆಮೇಲೆ ನನ್ನ ಕಡೆ ತಿರುಗಿದ. "ನೀನಾರ ಏಳ್ಲಾ."

ನನಗೆ ಗೊತ್ತಿತ್ತು. ಅವನ ಸ್ಟೇಟಸ್ ನೋಡಿದ ದಿನವೇ, ಸುಳ್ಳಾಗಿರಲಿ ದೇವರೇ ಅಂತ ಇಂಟರ್‌ನೆಟ್ಟಲ್ಲಿ ಹುಡುಕಿದ್ದೆ. ಮರ ನಿಜ. ವಯಸ್ಸೂ ನಿಜ. ಈಗ ನಾನು ಸುಮ್ಮನಿದ್ದರೆ ಸಾಕು, ನನ್ನ ಸ್ಟೂಲು ನನಗೆ ವಾಪಸ್. ಆದರೆ ಅವನ ಕಣ್ಣು ತುಂಬಿತ್ತು. (ದೂಳಿರಬಹುದು. ಆದರೂ.)

"ನಿಜ ಕಣಣ್ಣ," ಅಂದೆ. "ಸಾವ್ರ ವರ್ಸದ್ದೇ. ನಾನೂ ಇಂಟರ್‌ನೆಟ್ಟಲ್ಲಿ ನೋಡಿವ್ನಿ."

ಮಾದಪ್ಪಣ್ಣ ಮೊಬೈಲನ್ನು ಮೆಲ್ಲಗೆ ವಾಪಸ್ ಕೊಟ್ಟರು. "ಇವ್ನೇ ಸಾಕ್ಷಿನಾ? ಸರಿ ಬುಡು, ಇದು ಸುಳ್ಳೇ."

ಸಭೆ ಎದ್ದುಹೋಯಿತು. ಬೇಕಂತಲೇ ಮಾಡಿದೆ ಅಂತ ಇರ್ಫಾನ್ ನನ್ನ ಹತ್ತಿರ ಮಾತು ಬಿಟ್ಟು ಇವತ್ತಿಗೆ ನಾಲ್ಕು ದಿನ.

ನಾನು ನಿಜ ಹೇಳಿದೆ ಅನ್ನುವುದನ್ನು ಈಗ ಯಾರ ಕೈಲಿ ಹೇಳಿಸಲಿ?